ಅಚ್ಚುಕಟ್ಟಾಗಿ

ತಡಸದ ಮನೆಯೊಂದರಲ್ಲಿ ತೊಳೆದ ಪಾತ್ರೆಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿವೆ ಎನ್ನಿ. ಅವು ಚೊಕ್ಕವಾಗಿವೆ, ಅಚ್ಚುಕಟ್ಟಾಗಿಲ್ಲ. ಕೊಳೆ ಹೋದರೆ ಚೊಕ್ಕ. ಪ್ರತಿಯೊಂದೂ ತನ್ನ ಜಾಗದಲ್ಲಿದ್ದರೆ ಅಚ್ಚುಕಟ್ಟು. ಈ ನಾಮಪದಕ್ಕೆ 'ಆಗಿ' ಸೇರಿದಾಗ ಕ್ರಿಯಾವಿಶೇಷಣ: ಅಚ್ಚುಕಟ್ಟಾಗಿ ಬಣವೆ ಒಟ್ಟಿದ, ಅಚ್ಚುಕಟ್ಟಾಗಿ ಲೆಕ್ಕ ಬರೆದ. 'ಆದ' ಸೇರಿದರೆ ವಿಶೇಷಣ: ಅಚ್ಚುಕಟ್ಟಾದ ಬರವಣಿಗೆ.

ಇದೇ ಪದಕ್ಕೆ ಇನ್ನೊಂದು ಅರ್ಥವಿದೆ. ಕೆರೆ, ಕಾಲುವೆಗಳ ನೀರು ಉಣ್ಣುವ ಜಮೀನೂ ಅಚ್ಚುಕಟ್ಟೇ. ಕರ್ನಾಟಕದ 1980ರ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಕಾಯ್ದೆಯ ಹೆಸರಿನಲ್ಲಿರುವುದು ಈ ಅರ್ಥವೇ. ಭತ್ತ ಬೆಳೆಯುವ ಹಾನಗಲ್ಲ, ಶಿಗ್ಗಾಂವಿ ಸೀಮೆಯಲ್ಲಿ ಇದು ಅಂದದ ಮಾತಲ್ಲ, ಅನ್ನದ ಮಾತು: ಗದ್ದೆ ಅಚ್ಚುಕಟ್ಟಿನೊಳಗೆ ಬಿದ್ದರೆ ಕೆರೆಯ ನೀರು, ಹೊರಗುಳಿದರೆ ಮಳೆಯೇ ಗತಿ. ಕೆರೆಯಲ್ಲಿ ಹೂಳು ತುಂಬಿದಷ್ಟೂ ನೀರುಣ್ಣುವ ಗದ್ದೆ ಕುಗ್ಗುತ್ತದೆ.

'ನೀಟಾಗಿ' ಎಂಬ ಎರವಲು ಮೊದಲ ಅರ್ಥಕ್ಕೆ ಸಾಕು, ಎರಡನೆಯದಕ್ಕೆ ಸಾಲದು.