ಕಡತಕ್ಕೊಂದು ಬೀಗ

ಮನೆಗೆ ಬಂದ ಪರಿಚಿತರು ಜಗುಲಿಯಲ್ಲಿ ಕುಳಿತುಕೊಳ್ಳುತ್ತಾರೆ. ನೆಂಟರಾದರೆ ನಡುಮನೆಗೂ ಬರುತ್ತಾರೆ. ಆದರೆ ಒಡವೆಯ ಪೆಟ್ಟಿಗೆಯ ಬೀಗದಕೈ ಮನೆಯೊಡತಿಯ ಬಳಿಯಲ್ಲಿಯೇ ಇರುತ್ತದೆ. ಇದರಿಂದ ನೆಂಟರಿಗೆ ಅವಮಾನವಾಯಿತೆಂದು ಯಾರೂ ಭಾವಿಸುವುದಿಲ್ಲ. ಇಂದಿನ ಕಾರ್ಖಾನೆಗಳ ಕಂಪ್ಯೂಟರುಗಳಲ್ಲಿಯೂ ಇದೇ ವಿವೇಕ ಬೇಕಾಗಿದೆ.

ಒಂದು ಯಂತ್ರವು ಎಂಜಿನಿಯರರ ಮನಸ್ಸಿನಲ್ಲಿ ಹುಟ್ಟಿ, ನಕ್ಷೆಯಾಗಿ, ಕಾರ್ಖಾನೆಯಲ್ಲಿ ರೂಪು ತಳೆದು, ಗಿರಾಕಿಯ ಕೈಸೇರಿ, ಕೊನೆಗೆ ಗುಜರಿಗೆ ಹೋಗುವವರೆಗಿನ ಜಾತಕವನ್ನೆಲ್ಲ ಒಂದೆಡೆ ಕಾಪಾಡುವ ತಂತ್ರಾಂಶಗಳುಂಟು. ಪ್ರಾಡಕ್ಟ್ ಲೈಫ್‌ಸೈಕಲ್ ತಂತ್ರಾಂಶವೆಂದು ಇವುಗಳಿಗೆ ಹೆಸರು. ಇವುಗಳಲ್ಲಿ ಪ್ರತಿಯೊಂದು ಭಾಗಕ್ಕೂ ಒಂದು ದಾಖಲೆ. ಆ ದಾಖಲೆಗೆ ಲಗತ್ತಿಸಿದ ಕಡತಗಳು ಹಲವು.

ನೀರೆತ್ತುವ ಪಂಪೊಂದನ್ನು ತೆಗೆದುಕೊಳ್ಳಿರಿ. ಅದರ ದಾಖಲೆಗೆ ಅಳತೆಯ ನಕ್ಷೆ, ಪರೀಕ್ಷೆಯ ವರದಿ, ಖರ್ಚಿನ ಲೆಕ್ಕ ಈ ಮೂರೂ ಲಗತ್ತಾಗಿವೆಯೆನ್ನೋಣ. ಪಂಪಿನ ಮೈಯನ್ನು ಎರಕ ಹೊಯ್ದು ಕೊಡುವವರು ಬೇರೆ ಊರಿನ ಫೌಂಡ್ರಿಯವರು. ಅವರಿಗೆ ನಕ್ಷೆ ಬೇಕೇ ಬೇಕು. ಹಾಗೆಂದು ಇಡೀ ದಾಖಲೆಯನ್ನು ತೆರೆದಿಟ್ಟರೆ ಖರ್ಚಿನ ಲೆಕ್ಕವೂ ಅವರ ಕಣ್ಣಿಗೆ ಬೀಳಬಹುದು. ಇನ್ನೊಂದು ಫೌಂಡ್ರಿ ಹೇಳಿದ ದರ ತಿಳಿದ ಮೇಲೆ ಚೌಕಾಸಿಗೆ ಎಡೆಯೆಲ್ಲಿ? ಪೂರ್ತಿ ಮುಚ್ಚಿಟ್ಟರೋ, ಯಾರೋ ತಮ್ಮಲ್ಲಿದ್ದ ಹಳೆಯ ನಕ್ಷೆಯನ್ನು ಕಳಿಸುತ್ತಾರೆ. ತಪ್ಪು ಅಳತೆಯ ಎರಕ ಬರುತ್ತದೆ. ಲೋಹವೂ ಕೂಲಿಯೂ ನಷ್ಟ.

ಆದುದರಿಂದ ಬೀಗವು ದಾಖಲೆಗೆ ಮಾತ್ರವಲ್ಲ, ಕಡತಕ್ಕೂ ಇರಬೇಕು. ಹಾಗೆ ಮಾಡಲು ತಂತ್ರಾಂಶದಲ್ಲಿ ಅನುಕೂಲವಿಲ್ಲದಿದ್ದರೆ, ಗೋಪ್ಯವಾದುದನ್ನು ಬೇರೊಂದು ದಾಖಲೆಯಲ್ಲಿಟ್ಟು ಅದಕ್ಕೆ ಬೇರೆ ಬೀಗ ಹಾಕಬಹುದು. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಮೊದಲಿಗೇ ‘ಅಧಿಕಾರಿ’ ಯಾರೆಂದು ಹೇಳುವ ಪದ್ಧತಿಯುಂಟು. ಅಲ್ಲಿ ಅಧಿಕಾರಿಯೆಂದರೆ ದರ್ಪ ನಡೆಸುವವನಲ್ಲ, ಆ ವಿಷಯಕ್ಕೆ ತಕ್ಕವನು. ಇಲ್ಲಿಯೂ ಪ್ರವೇಶ ಸಲ್ಲಬೇಕಾದುದು ದೊಡ್ಡ ಹುದ್ದೆಗಲ್ಲ, ಮಾಡುವ ಕೆಲಸಕ್ಕೆ. ವಿನ್ಯಾಸದವರು, ಖರೀದಿಯವರು, ಹೊರಗಿನ ಫೌಂಡ್ರಿಯವರು ಎಂದು ಗುಂಪು ಮಾಡಿ ಬೀಗದಕೈ ಕೊಟ್ಟರೆ, ಒಬ್ಬರು ವರ್ಗವಾದಾಗ ಗುಂಪಿನಿಂದ ಹೆಸರು ತೆಗೆದರಾಯಿತು. ನೋಡುವ ಹಕ್ಕು ಬೇರೆ, ತಿದ್ದುವ ಹಕ್ಕು ಬೇರೆ ಎಂಬುದನ್ನೂ ಮರೆಯಬಾರದು.

೧೯೭೫ರಲ್ಲಿ ಜೆರೋಮ್ ಸಾಲ್ಟ್ಸರ್ ಮತ್ತು ಮೈಕೇಲ್ ಶ್ರೋಡರ್ ಎಂಬ ವಿದ್ವಾಂಸರು ಕಂಪ್ಯೂಟರಿನಲ್ಲಿರುವ ಮಾಹಿತಿಯ ರಕ್ಷಣೆಯನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದರು. ಅದರ ಸೂತ್ರಗಳಲ್ಲಿ ಮೂರು ಇಲ್ಲಿಗೆ ಸಲ್ಲುತ್ತವೆ. ಕೆಲಸಕ್ಕೆ ಬೇಕಾದಷ್ಟೇ ಹಕ್ಕು ಕೊಡುವುದು ಒಂದು. ಸ್ಪಷ್ಟವಾಗಿ ಕೊಡದ ಹಕ್ಕು ಇಲ್ಲವೆಂದೇ ಎಣಿಸುವುದು ಎರಡು. ರಕ್ಷಣೆಯ ವ್ಯವಸ್ಥೆ ಬಳಸಲು ಸುಲಭವಾಗಿರುವುದು ಮೂರು. ಬೀಗ ತೊಡಕಿನದಾದರೆ ಜನ ಬೀಗದಕೈಯನ್ನೇ ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಾರೆ; ಆಗ ಬೀಗವಿದ್ದೂ ಇಲ್ಲದಂತೆ.

ಇನ್ನೆರಡು ಎಚ್ಚರಿಕೆಗಳುಂಟು. ಕಡತ ಮುಚ್ಚಿದ್ದರೂ ಅದರ ಹೆಸರೇ ಗುಟ್ಟನ್ನು ಹೊರಗೆಡಹಬಹುದು. ಅಲ್ಲದೆ, ಒಬ್ಬರು ಒಮ್ಮೆ ಇಳಿಸಿಕೊಂಡು ಹೊರಗೊಯ್ದ ಪ್ರತಿಯನ್ನು ತಂತ್ರಾಂಶದ ಬೀಗ ಸಾಮಾನ್ಯವಾಗಿ ಕಾಯಲಾರದು. ಅಲ್ಲಿಂದ ಮುಂದೆ ಕಾಯಬೇಕಾದುದು ಮನುಷ್ಯನ ನಿಯತ್ತು.

ಇದು ಕಾರ್ಖಾನೆಯವರ ಮಾತು, ನಮಗೇಕೆಂದು ನೀವು ಕೇಳಬಹುದು. ಮೊಬೈಲಿನಲ್ಲಿ ಮನೆಯ ಕಾಗದಪತ್ರಗಳನ್ನೆಲ್ಲ ಒಂದೇ ಫೋಲ್ಡರಿನಲ್ಲಿಟ್ಟು, ಯಾರೋ ಒಂದು ರಸೀತಿ ಕೇಳಿದರೆಂದು ಇಡೀ ಫೋಲ್ಡರನ್ನೇ ಹಂಚಿಕೊಳ್ಳುವವರು ನಮ್ಮಲ್ಲಿಯೂ ಇದ್ದಾರಷ್ಟೆ. ಕೇಳಿದ್ದು ರಸೀತಿಯಾದರೆ ರಸೀತಿಯನ್ನಷ್ಟೇ ಕಳಿಸಿರಿ. ಬ್ಯಾಂಕಿನ ಪಾಸ್‌ಬುಕ್ಕು ಅದರ ಬೆನ್ನಿಗೇ ಹೋಗುವುದು ಬೇಡ.