ಕಣ್ಣಿಗೆ ಹನಿ, ಮಂಡಿಗೆ ಮಾತ್ರೆ

ಮೊಳಕಾಲ್ಮೂರಿನ ಗುಂಡಿಮಗ್ಗದಲ್ಲಿ ಕೂತವರ ಕಷ್ಟ ಕೂತವರಿಗೇ ಗೊತ್ತು. ಕಾಲು ಗುಂಡಿಯೊಳಗೆ ತುಳಿಯುತ್ತಿರಬೇಕು, ಕೈಯಲ್ಲಿ ಲಾಳಿ ಓಡುತ್ತಿರಬೇಕು, ಕಣ್ಣು ರೇಷ್ಮೆ ಎಳೆ ಬಿಟ್ಟು ಕದಲಬಾರದು. ಐವತ್ತು ದಾಟುವ ಹೊತ್ತಿಗೆ ಸೊಂಟ, ಮಂಡಿ ಎರಡೂ ದೂರು ಹೇಳಲು ಶುರುಮಾಡುತ್ತವೆ. ಚಳ್ಳಕೆರೆ ಕಡೆ ಶೇಂಗಾ ಕಿತ್ತು, ಬಿಡಿಸಿ, ಮೂಟೆ ಹೊತ್ತವರದೂ ಇದೇ ಪಾಡು. ಮೆಡಿಕಲ್ ಶಾಪಿನ ಮುಂದೆ ನಿಂತು 'ಒಂದು ನೋವಿನ ಮಾತ್ರೆ ಕೊಡಪ್ಪಾ' ಅಂದರೆ ಮುಗಿಯಿತು. ಅದೇ ಮನೆಯ ಗೂಡಿನಲ್ಲಿ, ಕಣ್ಣಿನ ಒತ್ತಡಕ್ಕೆಂದು ಡಾಕ್ಟರು ಬರೆದುಕೊಟ್ಟ ಪುಟ್ಟ ಹನಿ ಸೀಸೆಯೂ ಇದ್ದರೆ? ಆ ಮಾತ್ರೆಗೂ ಈ ಹನಿಗೂ ಜಗಳವಾಗುತ್ತದೆಯೇ?

ಕಣ್ಣಿನ ಒತ್ತಡವೆಂದರೆ ಬಿಪಿ ಅಲ್ಲ. ಕಣ್ಣೊಳಗೆ ಸದಾ ತಿಳಿನೀರು ಊರುತ್ತಿರುತ್ತದೆ, ಸಣ್ಣ ಜಾಲರಿಯೊಂದರ ಮೂಲಕ ಬಸಿದುಹೋಗುತ್ತಿರುತ್ತದೆ. ಬಸಿಯುವುದು ತಡೆದರೆ ಕೋಡಿ ಕಟ್ಟಿಕೊಂಡ ಕೆರೆಯಂತೆ ಒತ್ತಡ ಏರುತ್ತದೆ, ದೃಷ್ಟಿನರ ಸವೆಯುತ್ತದೆ. ಸಾಮಾನ್ಯ ಒತ್ತಡ 10ರಿಂದ 21 ಮಿಲಿಮೀಟರ್ ಪಾದರಸದೊಳಗೆ. ಹೀಗೆ ಒತ್ತಡ ಏರಿ ನರ ಸವೆಯುವುದೇ ಗ್ಲಾಕೋಮಾ. ಪೊರೆ ಬಂದರೆ ತೆಗೆಸಿ ನೋಟ ವಾಪಸು ಪಡೆಯಬಹುದು. ಗ್ಲಾಕೋಮಾ ತಿಂದ ನೋಟ ವಾಪಸು ಬರುವುದಿಲ್ಲ. ಅದೂ ಅಂಚಿನಿಂದ ತಿನ್ನುತ್ತಾ ಬರುವುದರಿಂದ ಬಹಳ ಮಂದಿಗೆ ಗೊತ್ತೇ ಆಗುವುದಿಲ್ಲ.

ಈಗ ಜಗಳದ ಮಾತು. ಈ ಕಾಯಿಲೆಗೆ ರಾತ್ರಿ ಹೊತ್ತು ಒಂದೇ ಹನಿ ಹಾಕುವ ಲ್ಯಾಟನೊಪ್ರೊಸ್ಟ್ ತುಂಬ ಬಳಕೆಯಲ್ಲಿದೆ. ಅದು ನಮ್ಮ ಮೈಯಲ್ಲೇ ಹುಟ್ಟುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕದ ತದ್ರೂಪು. ನೀರು ಬಸಿಯುವ ಇನ್ನೊಂದು ದಾರಿಯನ್ನು ಸಡಿಲಿಸುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಮಾಡುವ ಕೆಲಸವಾದರೂ ಏನು? ಅದೇ ಪ್ರೊಸ್ಟಗ್ಲಾಂಡಿನ್ ಹುಟ್ಟದಂತೆ ತಡೆಯುವುದು. ಆಸ್ಪಿರಿನ್‌ನ ಈ ಗುಟ್ಟನ್ನು 1971ರಲ್ಲಿ ಬಿಡಿಸಿದ ವಿಜ್ಞಾನಿ ಜಾನ್ ವೇನ್ 1982ರ ನೊಬೆಲ್ ಹಂಚಿಕೊಂಡರು. ಒಂದು ಹಾಕುವುದನ್ನು ಇನ್ನೊಂದು ಅಳಿಸಿಬಿಡುತ್ತದೇನೋ ಅನ್ನಿಸುವುದು ಸಹಜ. ಆದರೆ ಸೀಸೆಯಿಂದ ಬೀಳುವುದು ಆಗಲೇ ತಯಾರಾದ ಮಾಲು. ಅದರ ಹುಟ್ಟನ್ನು ತಡೆಯುವ ಪ್ರಶ್ನೆಯೇ ಇಲ್ಲ. ಹನಿಯ ಕೆಲಸದಲ್ಲಿ ಒಂದು ಪಾಲು ಮೈಯ ಸ್ವಂತ ಪ್ರೊಸ್ಟಗ್ಲಾಂಡಿನ್ನಿನದೂ ಇರಬಹುದೆಂದು ಪರೀಕ್ಷೆಗಳು ನಡೆದವು. ಅವು ಹೆಚ್ಚಾಗಿ ಕಣ್ಣಿಗೇ ಬಿಡುವ ನೋವಿನ ಹನಿಗಳ ಮೇಲೆ ನಡೆದಂಥವು. ಕೆಲವುಗಳಲ್ಲಿ ಒತ್ತಡ ಕೊಂಚ ಏರಿತು, ಕೆಲವುಗಳಲ್ಲಿ ಏರಲಿಲ್ಲ. ಮಂಡಿಗೆಂದು ನಾಲ್ಕು ದಿನ ನುಂಗುವ ಮಾತ್ರೆಗೆ ಹೆದರಿ ಹನಿ ನಿಲ್ಲಿಸುವುದು ಮಾತ್ರ ದೊಡ್ಡ ತಪ್ಪು. ಹೃದಯಕ್ಕೆಂದು ಕೊಟ್ಟ 75 ಮಿಲಿಗ್ರಾಂ ಆಸ್ಪಿರಿನ್ನನ್ನೂ ಹಾಗೇ ಬಿಡಬೇಡಿ. ಪ್ಯಾರಸಿಟಮಾಲ್‌ನಿಂದ ಈ ತಕರಾರಿಲ್ಲ.

ಇದೇ ಕಾಯಿಲೆಗೆ ಹಾಕುವ ಟಿಮೊಲಾಲ್ ಹನಿಯ ಕಥೆ ಬೇರೆ. ಹನಿ ಹಾಕಿದ ಮೇಲೆ ಗಂಟಲು ಕಹಿಯಾದದ್ದು ನೆನಪಿದೆಯೇ? ಔಷಧಿ ಕಣ್ಣೀರಿನ ದಾರಿ ಹಿಡಿದು ಮೂಗಿಗೆ ಇಳಿದು ರಕ್ತ ಸೇರುತ್ತದೆ. ಟಿಮೊಲಾಲ್ ಹಾಗೆ ಸೇರಿದರೆ ನಾಡಿ ನಿಧಾನವಾಗಬಹುದು, ಉಬ್ಬಸ ಇದ್ದವರಿಗೆ ಉಸಿರು ಕಟ್ಟಬಹುದು. ಕೆಲವು ಉಬ್ಬಸದವರಿಗೆ ಆಸ್ಪಿರಿನ್, ಐಬುಪ್ರೊಫೆನ್ನೂ ಆಗಿಬರುವುದಿಲ್ಲ. ಎರಡೂ ಒಟ್ಟಿಗೆ ಬಿದ್ದರೆ ಕಷ್ಟ. ಹನಿ ಹಾಕಿ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿಂದ ಎರಡು ನಿಮಿಷ ಒತ್ತಿಹಿಡಿಯಿರಿ, ಇಳಿಯುವುದು ತಗ್ಗುತ್ತದೆ. ಒತ್ತಡ ತೀರ ಏರಿದಾಗ ನುಂಗಲು ಕೊಡುವ ಅಸೆಟಜೋಲಮೈಡ್ ಮಾತ್ರೆಯ ಜೊತೆ ಹೆಚ್ಚು ಆಸ್ಪಿರಿನ್ ಮಾತ್ರ ನಿಜಕ್ಕೂ ಅಪಾಯ: ರಕ್ತ ಆಮ್ಲವಾಗಿ ಕಿವಿ ಗುಯ್‌ಗುಟ್ಟುತ್ತದೆ, ಉಸಿರು ಜೋರಾಗುತ್ತದೆ, ಬುದ್ಧಿ ಮಂಕಾಗುತ್ತದೆ.

ನನಗಿರುವ ಭಯ ನೋವಿನ ಮಾತ್ರೆಯದಲ್ಲ, ಅದರ ಜೊತೆಗಾರರದು. ನೆಗಡಿ-ಮೈಕೈ ನೋವಿನ ಮಾತ್ರೆಯಲ್ಲಿ ಪ್ಯಾರಸಿಟಮಾಲ್ ಜೊತೆ ಫಿನೈಲೆಫ್ರಿನ್, ಕ್ಲೋರ್‌ಫೆನಿರಮಿನ್ ಇರುತ್ತವೆ. ಹೊಟ್ಟೆನೋವಿನ, ಮುಟ್ಟಿನ ನೋವಿನ ಮಾತ್ರೆಯಲ್ಲಿ ಡೈಸೈಕ್ಲೊಮಿನ್ ಇರುತ್ತದೆ. ಈ ಜೊತೆಗಾರ ಔಷಧಿಗಳು ಕಣ್ಣಿನ ಪಾಪೆಯನ್ನು ಹಿಗ್ಗಿಸಬಹುದು. ನೀರು ಬಸಿಯುವ ಮೂಲೆ ಇಕ್ಕಟ್ಟಾಗಿರುವ ಕಣ್ಣಿನಲ್ಲಿ ಆಗ ದಾರಿಯೇ ಮುಚ್ಚಿಹೋಗಬಹುದು. ಇನ್ನು 'ಒಂದೇ ದಿನಕ್ಕೆ ಮಂಡಿ ಹಗುರ' ಅನ್ನಿಸುವ, ಹೆಸರಿಲ್ಲದ ಪೊಟ್ಟಣದ ಗುಳಿಗೆಯಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಅಡಗಿರುತ್ತದೆ. ಮಂಡಿ ಹಗುರಾಗುವುದೂ ನಿಜ, ವಾರಗಟ್ಟಲೆ ನುಂಗಿದರೆ ಕೆಲವರ ಕಣ್ಣೊತ್ತಡ ಸದ್ದಿಲ್ಲದೆ ಏರುವುದೂ ನಿಜ. ಹನಿ ಹಾಕುತ್ತಿದ್ದರೂ ಒತ್ತಡ ಯಾಕೆ ಇಳಿಯುತ್ತಿಲ್ಲವೆಂದು ಡಾಕ್ಟರು ತಲೆ ಕೆರೆದುಕೊಳ್ಳುತ್ತಿರುತ್ತಾರೆ. ಪೊಟ್ಟಣದ ಸುದ್ದಿ ಅವರಿಗೆ ಯಾರೂ ಹೇಳಿರುವುದಿಲ್ಲ. ಮುಂದಿನ ಸಲ ಹೋಗುವಾಗ ಸೀಸೆ, ಸ್ಟ್ರಿಪ್ಪು, ಪೊಟ್ಟಣ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ. ಬೈಸಿಕೊಂಡರೂ ಪರವಾಗಿಲ್ಲ.

ಒಂದು ಸಂದರ್ಭದಲ್ಲಿ ನೋವಿನ ಮಾತ್ರೆ ನುಂಗಿ ಕೂರಲೇಬಾರದು. ಇದ್ದಕ್ಕಿದ್ದಂತೆ ಒಂದು ಕಣ್ಣು ಕೆಂಪಾಗಿ, ಆ ಕಡೆಯ ತಲೆ ಸಿಡಿದು, ವಾಂತಿಯಾಗಿ, ಮಗ್ಗದ ಮೇಲಿನ ಬಲ್ಬಿನ ಸುತ್ತ ಕಾಮನಬಿಲ್ಲಿನ ಬಳೆ ಕಂಡರೆ, ನೀರು ಬಸಿಯುವ ಆ ದಾರಿ ಮುಚ್ಚಿಹೋದ ಲಕ್ಷಣವಿರಬಹುದು; ಎಷ್ಟೋ ಮಂದಿ ಅದನ್ನು ಅರೆತಲೆನೋವೆಂದುಕೊಂಡು ಮಲಗಿಬಿಡುತ್ತಾರೆ. ಮಾತ್ರೆ ನೋವನ್ನು ಮರೆಸಬಹುದು, ಒಳಗೆ ನರ ಸಾಯುತ್ತಲೇ ಇರುತ್ತದೆ. ಬೆಳಗಾಗಲಿ ಅನ್ನಬೇಡಿ. ಚಿತ್ರದುರ್ಗವೋ ಬಳ್ಳಾರಿಯೋ, ಯಾವ ಊರಿಗೆ ಮೊದಲು ಗಾಡಿ ಸಿಕ್ಕುತ್ತದೋ ಆ ಊರಿನ ದೊಡ್ಡಾಸ್ಪತ್ರೆಗೆ ಆ ರಾತ್ರಿಯೇ ಹೊರಡಿ.