ಕೆರೆಯ ಅಂಗಳ, ಮನೆಯ ಅಂಗಳ

ಕೆರೆಗೂ ಮನೆಗೂ ಕನ್ನಡದಲ್ಲಿ ಸಮಾನವಾದ ಒಂದು ಪದವುಂಟು: ಅಂಗಳ. ಮನೆಯ ಮುಂದಿನ ತೆರಪು ಅಂಗಳ. ಕೆರೆಯಲ್ಲಿ ನೀರು ಹರಡಿ ನಿಲ್ಲುವ ನೆಲವೂ ಅಂಗಳವೇ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ನೆಲ ಬರಿದಾಗಿ ಕಂಡಾಗಲೂ ನಮ್ಮ ಹಿರಿಯರು ಅದನ್ನು ಬರಿಯ ಬಯಲೆಂದು ಕರೆಯಲಿಲ್ಲ, ಕೆರೆಯಂಗಳವೆಂದೇ ಕರೆದರು. ಮನೆಯವರು ಪರಸ್ಥಳಕ್ಕೆ ಹೋದ ಮಾತ್ರಕ್ಕೆ ಅವರ ಅಂಗಳ ಅನ್ಯರದಾಗುವುದಿಲ್ಲ. ಹಾಗೆಯೇ ನೀರು ಇಲ್ಲದ ದಿನಗಳಲ್ಲಿಯೂ ಕೆರೆಯ ಅಂಗಳ ಕೆರೆಯದೇ. ನೀರಿನಂಚಿನಲ್ಲಿ ಮನೆ ಕಟ್ಟುವ ವಿಚಾರವಾಗಿ ನಾನು ಹೇಳಬೇಕೆಂದಿರುವ ನಾಲ್ಕು ಮಾತುಗಳಿಗೆ ಈ ಒಂದು ಪದವೇ ಆಧಾರ.

ವಿಜಯಪುರದ ಸೀಮೆಗೆ ಈ ವಿಚಾರ ಹೊಸದು. ನೀರು ನೋಡುತ್ತ ಕೂಡುವ ಮನೆಯ ಮಾತು ಒತ್ತಟ್ಟಿಗಿರಲಿ, ಕುಡಿಯುವ ನೀರಿಗಾಗಿಯೇ ದೂರ ನಡೆದ ಸೀಮೆಯಿದು. ತಿಕೋಟಾದ ಕಡೆಗೆ ಟ್ಯಾಂಕರಿನ ನೀರು ಉಣಿಸಿ ದ್ರಾಕ್ಷಿಯ ಬಳ್ಳಿಯನ್ನು ಬದುಕಿಸಿಕೊಂಡ ವರ್ಷಗಳನ್ನು ಒಕ್ಕಲಿಗರು ಮರೆತಿಲ್ಲ. ಈಚೆಗೆ ತುಬಚಿ-ಬಬಲೇಶ್ವರದಂಥ ಏತ ನೀರಾವರಿ ಯೋಜನೆಗಳು ಕೃಷ್ಣೆಯ ನೀರನ್ನು ಮೇಲೆತ್ತಿ ತಂದು, ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಕೆರೆಗಳನ್ನು ತುಂಬತೊಡಗಿವೆ. ಒಣಗಿದ ಕೆರೆಯಲ್ಲಿ ತೆರೆಯೆದ್ದರೆ ಕಣ್ಣಿಗೆ ಹಬ್ಬ. ಹಬ್ಬದ ಬೆನ್ನಿಗೆ ಆಸೆ. ಆಸೆಯ ಬೆನ್ನಿಗೆ ತಂತಿ ಬೇಲಿ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಅಂಥ ಒಂದು ಕೆರೆಯ ದಂಡೆಯಲ್ಲಿ ಪ್ಲಾಟು ಕೊಳ್ಳುವ ಯೋಚನೆಯಲ್ಲಿ ಮನೆಯ ನಕ್ಷೆಯೊಡನೆ ನನ್ನಲ್ಲಿಗೆ ಬಂದಿದ್ದರು. "ಸರ್, ದಿನಾ ಮುಂಜಾನೆ ನೀರು ನೋಡ್ಕೋತ ಚಹಾ ಕುಡೀಬೇಕನ್ನೋದು ನಮ್ಮ ಮನಿಯಾಕಿ ಆಸೆ," ಎಂದರು. ಆಸೆ ತಪ್ಪೆಂದು ಯಾರು ಅಂದಾರು? ನಕ್ಷೆಯಲ್ಲಿ ನೀರಿನವರೆಗೂ ಕಂಪೌಂಡಿನ ಗೆರೆ ಎಳೆದಿತ್ತು. "ಅಲ್ಲಪ್ಪಾ, ಊರ ದನಾ ನೀರಿಗೆ ಎಲ್ಲಿಂದ ಇಳೀಬೇಕು?" ಎಂದು ಕೇಳಿದೆ. ಅದಕ್ಕೆ ನಕ್ಷೆಯಲ್ಲಿ ಉತ್ತರವಿರಲಿಲ್ಲ.

ನಮ್ಮ ಹಿರಿಯರು ಊರನ್ನು ನೀರಿಗೆ ಹತ್ತಿರವಾಗಿ, ಮನೆಯನ್ನು ನೀರಿನಿಂದ ದೂರವಾಗಿ ಕಟ್ಟಿದರು. ಇದಕ್ಕೆ ಕಾರಣ ನಮ್ಮ ಎರೆಯ ನೆಲ. ಮಳೆಗೆ ಅದು ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆಯೇ ಎಬ್ಬಿಸಿದ ಗೋಡೆಯೂ ಬಿರಿಯದೆ ಇರದು. ಆದುದರಿಂದ ಗಟ್ಟಿ ಗರಸು ಸಿಕ್ಕುವವರೆಗೆ ಅಗೆದು ಬುನಾದಿ ಹಾಕುವುದು ರೂಢಿ. ಮಣ್ಣಿನ ಮಾಳಿಗೆಗೆ ನೀರಿನ ಪಸೆ ಶತ್ರು. ಅದಕ್ಕಿಂತ ದೊಡ್ಡ ಮಾತು ಹಗೇವಿನದು. ವರ್ಷದ ಜೋಳವನ್ನು ನೆಲದೊಳಗೆ ತುಂಬಿಡುವ ಆ ಹಗೇವಿಗೆ ಪಸೆ ತಾಗಿದರೆ ಮನೆತನದ ಅನ್ನವೇ ಮುಗ್ಗಿತು. ನೀರು ಕೈಗೆ ಸಿಗಬೇಕು, ಕಾಳಿಗೆ ತಾಗಬಾರದು: ಇದು ನಮ್ಮ ಸೀಮೆಯ ವಾಸ್ತುವಿನ ತಿರುಳು.

ಹಾಗಾದರೆ ನಮ್ಮಲ್ಲಿ ನೀರಿನಂಚಿಗೆ ಕಟ್ಟಿದವರೇ ಇಲ್ಲವೆ? ಉಂಟು, ಅವರು ಅರಸರು. ನಗರದ ಪೂರ್ವಕ್ಕೆ ಕುಮಟಗಿಯಲ್ಲಿ ಆದಿಲಶಾಹಿಗಳ ಜಲವಿಹಾರ ಮಂದಿರಗಳನ್ನು ನೋಡಿದವರಿಗೆ ಈ ಮಾತು ತಿಳಿದೀತು. ಕೊಳದ ನಡುವೆ ಮಂಟಪ, ಅದಕ್ಕೊಂದು ಕಾಲುದಾರಿ. ನೀರನ್ನು ಎತ್ತರಕ್ಕೇರಿಸಿ, ಗೋಡೆಯಲ್ಲಿ ಅಡಗಿಸಿದ ಕೊಳವೆಗಳಿಂದ ಹರಿಸಿ, ಛಾವಣಿಯಿಂದ ತುಂತುರಾಗಿ ಉದುರಿಸುವ ಏರ್ಪಾಡು ಅಲ್ಲಿತ್ತು. ಬಿರುಬೇಸಿಗೆಯಲ್ಲಿ ಮನೆಯೊಳಗೆ ಮಳೆಗಾಲ! ಗೋಡೆಗಳ ಮೇಲೆ ಮಲ್ಲಯುದ್ಧದ, ಕುದುರೆಯೇರಿ ಆಡುವ ಚೆಂಡಾಟದ, ಪರಂಗಿಗಳ ಚಿತ್ರಗಳಿದ್ದವು. ಇಂದು ಬಹುಪಾಲು ಮಾಸಿವೆ. ನಗರದೊಳಗೆ ಸಾತ್ ಮಂಜಿಲಿನ ಎದುರಿಗಿರುವ ಪುಟ್ಟ ಜಲಮಂಜಿಲ್ ಕೂಡ ಒಂದು ಕಾಲಕ್ಕೆ ನೀರಿನ ನಡುವೆ ನಿಂತದ್ದೇ. ಈಗ ಅದರ ಸುತ್ತ ನೀರಿಲ್ಲ. ಹೆಸರಿನಲ್ಲಿ ಮಾತ್ರ ಜಲ ಉಳಿದಿದೆ. ನೀರನ್ನು ನೆಚ್ಚಿ ಕಟ್ಟಿದ ಮನೆ ನೀರು ಹೋದ ಮೇಲೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆದರೆ ಆ ಅರಸರ ಇನ್ನೊಂದು ಮುಖವನ್ನೂ ಕಾಣಬೇಕು. ತಮ್ಮ ವಿಲಾಸಕ್ಕೆ ನೀರು ತಂದವರು ಊರಿಗೂ ನೀರು ತಂದರು. ತೊರವೆಯೆಂದರೆ ಸಾಹಿತ್ಯಪ್ರಿಯರಿಗೆ ಕುಮಾರವಾಲ್ಮೀಕಿಯ ರಾಮಾಯಣ ನೆನಪಾಗುತ್ತದೆ. ಅದೇ ತೊರವೆಯಿಂದ ನೆಲದೊಳಗಿನ ಸುರಂಗದ ಮೂಲಕ ನಗರಕ್ಕೆ ನೀರು ಹರಿಯಿತು. 1651ರಲ್ಲಿ ಮಹಮ್ಮದ ಆದಿಲಶಹನು ನಗರದ ದಕ್ಷಿಣಕ್ಕೆ ಬೇಗಂ ತಲಾಬನ್ನು ಕಟ್ಟಿಸಿದನು. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ಬಂದ ನೀರು 'ಗಂಜ್' ಎಂಬ ಗೋಪುರಗಳಲ್ಲಿ ಒತ್ತಡ ತಗ್ಗಿಸಿಕೊಂಡು, ಹೂಳು ಇಳಿಸಿಕೊಂಡು ಓಣಿ ಓಣಿಗೆ ಹೋಗುತ್ತಿತ್ತು. ಬಬಲೇಶ್ವರ ತಾಲ್ಲೂಕಿನ ಮಮದಾಪುರದ ಕೆರೆಯೂ ಆತನ ಕಾಲದ್ದೇ, 1633ರದು. ಇನ್ನು ತಾಜಬಾವಡಿ: ಇಬ್ರಾಹಿಂ ಆದಿಲಶಹನ ರಾಣಿ ತಾಜ್ ಸುಲ್ತಾನಳ ಗೌರವಾರ್ಥ 1620ರಲ್ಲಿ ಮಲಿಕ್ ಸಂದಲನು ಕಟ್ಟಿಸಿದ್ದು. ಅದರ ನೀರಿನಂಚಿನಲ್ಲಿ ಕೋಣೆಗಳಿವೆ. ಅವು ರಾಣಿಗಾಗಿ ಅಲ್ಲ; ದಾರಿ ನಡೆದು ದಣಿದು ಬಂದವರಿಗಾಗಿ. ನೀರಿನ ಪಕ್ಕದ ಅತ್ಯುತ್ತಮ ಸ್ಥಳವನ್ನು ಹೆಸರೇ ತಿಳಿಯದ ಪ್ರವಾಸಿಗೆ ಬಿಟ್ಟುಕೊಟ್ಟ ಆ ಬುದ್ಧಿಗೆ ನಾನು ತಲೆಬಾಗುತ್ತೇನೆ.

ದಂಡೆಯಲ್ಲಿ ಬಾಳಿದವರ ಕಷ್ಟವನ್ನು ನಮ್ಮ ಜಿಲ್ಲೆಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಗಡಿಗೆಯ ಮೊಸರಿಗೆ ಹೆಸರಾದ ಕೊಲ್ಹಾರ ಕೃಷ್ಣೆಯ ದಡದ ಊರು. ಆಲಮಟ್ಟಿಯ ಹಿನ್ನೀರು ಏರಿದಾಗ ಹಳೆಯ ಊರು ಮುಳುಗಿತು. ಜನ ಮೇಲಿನ ನೆಲಕ್ಕೆ ಸರಿದು ಮತ್ತೆ ಮನೆ ಕಟ್ಟಿಕೊಂಡರು. ಅಲ್ಲಿ ನೀರಿನ ಅಂಚನ್ನು ಗೊತ್ತುಮಾಡಿದ್ದು ಮಳೆಯೊಂದೇ ಅಲ್ಲ, ನ್ಯಾಯದ ತೀರ್ಪುಗಳೂ ಹೌದು. 519.6 ಮೀಟರಿನವರೆಗೆ ನೀರು ನಿಲ್ಲಿಸಲು 2000ದಲ್ಲಿ ಸರ್ವೋಚ್ಚ ನ್ಯಾಯಾಲಯ ಒಪ್ಪಿತು, 524.256 ಮೀಟರಿಗೆ 2010ರಲ್ಲಿ ನ್ಯಾಯಮಂಡಳಿ ಒಪ್ಪಿತು. ಈ ಎರಡು ಅಂಕೆಗಳ ನಡುವಿನ ಅಂತರ ಐದು ಮೀಟರೂ ಇಲ್ಲ. ಆದರೆ ಆ ಅಂತರದೊಳಗೆ ಎಷ್ಟು ಹೊಸ್ತಿಲುಗಳು, ಎಷ್ಟು ತುಳಸಿಕಟ್ಟೆಗಳು! ಮನಸ್ಸಿಲ್ಲದೆ ದಂಡೆ ಬಿಟ್ಟುಬಂದವರ ನಾಡಿನಲ್ಲಿ ಮೋಜಿಗಾಗಿ ದಂಡೆ ಹಿಡಿಯುವವರು ಒಂದು ಗಳಿಗೆ ಯೋಚಿಸಬೇಕು. ಯಾರದೋ ಊರು ಮುಳುಗಿದ್ದರಿಂದಲೇ ನಮ್ಮ ಕೆರೆಗೆ ನೀರು ಬಂದಿದೆ.

ಕಟ್ಟಲೇಬಾರದೆಂದು ನನ್ನ ವಾದವಲ್ಲ. ಕಟ್ಟುವವರು ಮೊದಲು ಊರಿನ ಮುದುಕರೊಬ್ಬರನ್ನು ಕರೆದುಕೊಂಡು ಹೋಗಿ, ಕೆರೆ ತುಂಬಿದ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೇಳಲಿ. ಆ ಗುರುತಿನಿಂದ ಸಾಕಷ್ಟು ಹಿಂದೆ, ಎತ್ತರದಲ್ಲಿ ನಿಲ್ಲಲಿ. ಕೋಡಿಯ ನೀರು ಹರಿಯುವ ಹಾದಿಯನ್ನು ಮುಟ್ಟದಿರಲಿ. ಗರಸು ಕಾಣುವವರೆಗೆ ಬುನಾದಿ ಅಗೆಯಲಿ. ಪಾಯಿಖಾನೆಯ ಗುಂಡಿ ಕೆರೆಯ ಕಡೆಗೆ ಇಳಿಯದಂತೆ ನೋಡಿಕೊಳ್ಳಲಿ. ಎಲ್ಲಕ್ಕಿಂತ ಮಿಗಿಲಾಗಿ, ನೀರಿಗೂ ಮನೆಗೂ ನಡುವೆ ಬೇಲಿಯಿಲ್ಲದ ನೆಲವನ್ನು ಊರಿಗೆ ಬಿಡಲಿ. ಕೆರೆ ಕುಂಟೆಗಳು ಸಮುದಾಯದ ಸಂಪತ್ತೆಂದು ಸರ್ವೋಚ್ಚ ನ್ಯಾಯಾಲಯವೂ 2001ರಲ್ಲಿ ಹೇಳಿದೆ. ನಮ್ಮ ಹಿರಿಯರು ಅದನ್ನು ತೀರ್ಪಿಲ್ಲದೆಯೇ ಬಲ್ಲವರಾಗಿದ್ದರು.

ನೀರನ್ನು ನೋಡುವ ಸುಖಕ್ಕೆ ನೀರು ನಮ್ಮದಾಗಬೇಕಿಲ್ಲ. ಕಿಟಕಿಯಿಂದ ಕೆರೆ ಕಾಣಲಿ. ಕೆರೆಗೆ ಇಳಿಯುವ ಎಮ್ಮೆಗಳೂ, ಅವುಗಳ ಹಿಂದೆ ಬರುವ ಹುಡುಗನೂ ಕಾಣಲಿ. ಅವರು ಕಾಣದ ಕಿಟಕಿ ಎಷ್ಟು ದೊಡ್ಡದಿದ್ದರೇನು?